ಗಾಲಿಗೂ ಮೇಣ ಹಚ್ಚಬೇಕಾ?

ಹೋದ ಸಲ ಕಾರಿನ ಬಾಡಿ ಮೇಲೆ ವ್ಯಾಕ್ಸ್ ಹಚ್ಚುವ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಲಿ ಬಗ್ಗೆಯೇ ಇವೆ. ಇರಲಿ, ಈ ಸಲದ ಪುಟವನ್ನು ಪೂರ್ತಿ ಗಾಲಿಗೇ ಬಿಟ್ಟುಕೊಟ್ಟಿದ್ದೇನೆ. ಎಂಜಿನ್ ಆಯಿಲ್ ಬಗ್ಗೆ ಕೇಳಿದವರು ಬೇಜಾರಾಗಬೇಡಿ, ಮುಂದಿನ ಪಾಳಿ ನಿಮ್ಮದೇ.

ಪ್ರಶ್ನೆ: ಸರ್, ಕಾರು ತಗೊಂಡು ಎಂಟು ತಿಂಗಳಾಯ್ತು. ಅಲಾಯ್ ವೀಲ್ ಇದೆ. ಬಾಡಿಗೆ ಹಚ್ಚಿ ಉಳಿದ ವ್ಯಾಕ್ಸ್ ಡಬ್ಬಿ ಮನೇಲೇ ಇದೆ, ಅದನ್ನೇ ಗಾಲಿಗೂ ಹಚ್ಚಿದರೆ ನಡೆಯುತ್ತಾ? ಅಂಗಡಿಯವರು ಗಾಲಿಗೆ ಸೀಲಂಟೇ ಬೇಕು ಅಂತಾರೆ. ಮಾರೋದಕ್ಕೆ ಹೇಳ್ತಾರೋ, ನಿಜವೋ? ಇನ್ನೊಂದು, ಮುಂದಿನ ಎರಡು ಗಾಲಿ ವಾರದೊಳಗೆ ಕಪ್ಪಾಗ್ತವೆ, ಹಿಂದಿನವು ಆಗಲ್ಲ. ಯಾಕೆ?
— ಗೋಕುಲ ರೋಡ್, ಹುಬ್ಬಳ್ಳಿ

ಉತ್ತರ: ನಡೆಯುತ್ತದೆ, ಆದರೆ ಬಹಳ ದಿನ ಬಾಳುವುದಿಲ್ಲ. ಅಂಗಡಿಯವರು ಮಾರುವುದಕ್ಕೇ ಹೇಳಿರಬಹುದು, ಆದರೂ ಹೇಳಿದ್ದು ನಿಜ.

ಮೊದಲು ಆ ಕಪ್ಪಿನ ವಿಚಾರ. ಅದು ಬರೀ ರಸ್ತೆ ಧೂಳಲ್ಲ. ಬ್ರೇಕ್ ಒತ್ತಿದಾಗಲೆಲ್ಲ ಪ್ಯಾಡೂ ಸವೆಯುತ್ತದೆ, ಡಿಸ್ಕೂ ಸವೆಯುತ್ತದೆ. ಡಿಸ್ಕು ಬೀಡು ಕಬ್ಬಿಣದ್ದು. ಹಾಗಾಗಿ ಅಲ್ಲಿಂದ ಹಾರುವ ಪುಡಿಯಲ್ಲಿ ಕಬ್ಬಿಣದ ಸಣ್ಣ ಸಣ್ಣ ಚೂರು ಇರುತ್ತವೆ, ಅದೂ ಕಾದ ಚೂರು. ಅವು ರಿಮ್ ಮೇಲಿನ ಪಾರದರ್ಶಕ ಪದರ, ಅಂದರೆ ಲ್ಯಾಕರ್‌ಗೆ ಹೋಗಿ ಕಚ್ಚಿಕೊಳ್ಳುತ್ತವೆ, ಮೇಲೆ ನೀರು ಬಿದ್ದರೆ ಅಲ್ಲೇ ತುಕ್ಕು ಹಿಡಿದು ಇನ್ನೂ ಗಟ್ಟಿಯಾಗಿ ಕೂರುತ್ತವೆ. ಬೆಳ್ಳಿ ಬಣ್ಣದ ರಿಮ್ಮಿನಲ್ಲಿ ತೊಳೆದ ಮೇಲೂ ಸಾಸಿವೆ ಸಿಡಿದಂತೆ ಕಂದು ಚುಕ್ಕೆ ಕಾಣುತ್ತವಲ್ಲ, ಅವೇ ಇವು. ಬ್ರೇಕ್ ಹಿಡಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಗಾಲಿಗಳ ಮೇಲೇ ಬೀಳುತ್ತದೆ. ಸಾಲದ್ದಕ್ಕೆ ನಮ್ಮ ಬಹಳಷ್ಟು ಸಣ್ಣ ಕಾರುಗಳಿಗೆ ಹಿಂದೆ ಡ್ರಮ್ ಬ್ರೇಕ್. ಪುಡಿ ಡ್ರಮ್ಮಿನೊಳಗೇ ಉಳಿಯುತ್ತದೆ. ನಿಮ್ಮ ಹಿಂದಿನ ಗಾಲಿ ಸ್ವಚ್ಛ ಇರುವ ಗುಟ್ಟು ಇಷ್ಟೇ.

ಈಗ ವ್ಯಾಕ್ಸ್. ಡಬ್ಬಿ ಮೇಲೆ ಕಾರ್ನೋಬಾ ಅಂತ ಬರೆದಿರುತ್ತದೆ ನೋಡಿ. ಅದು ಬ್ರೆಜಿಲ್‌ನ ಒಂದು ಜಾತಿಯ ತಾಳೆ ಮರದ ಎಲೆಯಿಂದ ತೆಗೆಯುವ ಮೇಣ. ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಬಾನೆಟ್ ಮೇಲೆ ಇದು ತೊಂದರೆಯಲ್ಲ, ನಮ್ಮ ಏಪ್ರಿಲ್ ಬಿಸಿಲನ್ನೂ ತಡೆಯುತ್ತದೆ. ಗಾಲಿಯ ಕಥೆ ಬೇರೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಉದ್ದಕ್ಕೂ ಬ್ರೇಕ್ ಮೇಲೇ ಕಾಲಿಟ್ಟವರಿಗೆ ಕೆಳಗೆ ಹೋದ ಮೇಲೆ ಬರುವ ವಾಸನೆ ಗೊತ್ತಿರುತ್ತದೆ. (ಗೇರ್ ಇಳಿಸಿ ಇಳಿಯಿರಿ ಮಾರಾಯ್ರೆ, ಬ್ರೇಕೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.) ಆ ಕಾವು, ಹಾರುವ ಕಲ್ಲು, ಕೆಸರು, ವಾರಕ್ಕೊಮ್ಮೆ ಶಾಂಪೂ, ಇಷ್ಟರ ನಡುವೆ ಮೇಣ ಬಾಳುವುದು ಕಷ್ಟ. ನನ್ನ ಕಾರಿನಲ್ಲಿ ಬಾಡಿ ಮೇಲೆ ಎರಡು ತಿಂಗಳು ನಿಂತ ವ್ಯಾಕ್ಸ್ ಗಾಲಿ ಮೇಲೆ ಒಂದು ತಿಂಗಳೂ ನಿಲ್ಲಲಿಲ್ಲ. ಸೀಲಂಟ್ ಅಂದರೆ ಕಾರ್ಖಾನೆಯಲ್ಲಿ ಮಾಡಿದ ಪಾಲಿಮರ್. ಮರದ ಮೇಣದಷ್ಟು ತಣ್ಣನೆಯ ಹೊಳಪು ಇಲ್ಲ, ಆದರೆ ಕಾವು ಮತ್ತು ಸೋಪು ಎರಡನ್ನೂ ಜಾಸ್ತಿ ತಡೆಯುತ್ತದೆ. ಎರಡು-ಮೂರು ತಿಂಗಳು ಧಾರಾಳ.

ಉಳಿದ ವ್ಯಾಕ್ಸ್ ಎಸೆಯಬೇಡಿ. ಅದು ಮುಗಿಯುವ ತನಕ ತಿಂಗಳಿಗೊಮ್ಮೆ ಗಾಲಿಗೇ ಹಚ್ಚಿ, ಕೈಗೂ ರೂಢಿಯಾಗುತ್ತದೆ. ಆಮೇಲೆ ಸೀಲಂಟ್ ತನ್ನಿ.

ಒಂದು ಮಾತು ತಲೆಯಲ್ಲಿರಲಿ. ಇದನ್ನು ಹಚ್ಚುವುದು ಹೊಳಪಿಗಲ್ಲ. ಕೊಬ್ಬರಿ ಮಿಠಾಯಿ ಸುರಿಯುವ ಮೊದಲು ತಾಟಿಗೆ ತುಪ್ಪ ಸವರುತ್ತಾರಲ್ಲ, ಅದೇ ಲೆಕ್ಕ. ಪುಡಿ ಬೀಳುವುದನ್ನು ಯಾರೂ ತಡೆಯಲಾರರು. ಬಿದ್ದದ್ದು ಕಚ್ಚಿಕೊಳ್ಳದೆ ಬರೀ ನೀರಿಗೆ ಬಿಟ್ಟು ಬರಬೇಕು. ಹಾಗಾಗಿ ಹಚ್ಚುವುದಕ್ಕಿಂತ ಅದಕ್ಕೆ ಮೊದಲು ತೊಳೆಯುವುದೇ ದೊಡ್ಡ ಕೆಲಸ. ಕೊಳೆ ಮೇಲೆ ಸೀಲಂಟ್ ಹಚ್ಚಿದರೆ ಕೊಳೆಗೇ ಕಾವಲು ಇಟ್ಟ ಹಾಗೆ.

ಬೆಳಿಗ್ಗೆ, ನೆರಳಲ್ಲಿ, ಗಾಲಿ ತಣ್ಣಗಿರುವಾಗ ಶುರು ಮಾಡಿ. ಓಡಿಸಿ ಬಂದ ತಕ್ಷಣ ಬಿಸಿ ಡಿಸ್ಕಿಗೆ ತಣ್ಣೀರು ಎರಚಬೇಡಿ. ಗಾಲಿಗೇ ಬೇರೆ ಬಕೆಟ್, ಬೇರೆ ಬಟ್ಟೆ ಇರಲಿ, ಯಾಕೆಂದರೆ ಅದರಲ್ಲಿ ಸೇರುವ ಕಬ್ಬಿಣದ ಪುಡಿ ಬಾಡಿಗೆ ತಗುಲಿದರೆ ಉಪ್ಪುಕಾಗದ ತಿಕ್ಕಿದ ಹಾಗೆ ಗೀರು ಬೀಳುತ್ತದೆ. ಒಮ್ಮೆ ನೀರು ಹಾಯಿಸಿ, ಕಾರ್ ಶಾಂಪೂ ಹಾಕಿ ಮೆತ್ತನೆ ಬ್ರಷ್ಷಿನಲ್ಲಿ ತಿಕ್ಕಿ, ನಟ್ ಕೂರುವ ಗುಳಿಗಳಿಗೆ ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಕಂದು ಚುಕ್ಕೆ ಉಳಿದರೆ ಐರನ್ ರಿಮೂವರ್ ಅಂತ ಸಿಗುತ್ತದೆ, ಸಿಂಪಡಿಸಿದರೆ ಕಬ್ಬಿಣ ಇರುವಲ್ಲೆಲ್ಲ ನೇರಳೆ ಹಣ್ಣಿನ ರಸ ಸುರಿದ ಹಾಗೆ ಬಣ್ಣ ಇಳಿಯುತ್ತದೆ, ನೋಡುವುದಕ್ಕೆ ಮಜಾ, ಮೂಗಿಗೆ ಮಾತ್ರ ಕೊಳೆತ ಮೊಟ್ಟೆ. ಕೈಗವಸು ಹಾಕಿಕೊಳ್ಳಿ. ಮೂರು-ನಾಲ್ಕು ನಿಮಿಷ ಬಿಟ್ಟು, ಒಣಗುವ ಮೊದಲೇ ತೊಳೆದುಬಿಡಿ. ಪೂರ್ತಿ ಒಣಗಿಸಿ. ಆಮೇಲೆ ಸೀಲಂಟ್ ತೆಳ್ಳಗೆ, ತೀರಾ ತೆಳ್ಳಗೆ. ಕಾಣುವಷ್ಟು ದಪ್ಪ ಹಚ್ಚಿದರೆ ಒರೆಸುವುದಕ್ಕೇ ಮಧ್ಯಾಹ್ನವಾಗುತ್ತದೆ. ಮಬ್ಬಾದ ಮೇಲೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಮರುದಿನದ ತನಕ ನೀರು ತಾಗದಿದ್ದರೆ ಒಳ್ಳೆಯದು, ಡಬ್ಬಿ ಮೇಲೆ ಎಷ್ಟು ಹೊತ್ತು ಅಂತ ಬರೆದಿರುತ್ತದೆ. ಧಾರವಾಡದವರು ಜುಲೈನಲ್ಲಿ ಜಿಟಿಜಿಟಿ ಮಳೆ ನಡುವೆ ಈ ಕೆಲಸಕ್ಕೆ ಕೂರಬೇಡಿ. ಕಾರಹುಣ್ಣಿಮೆ ಒಳಗೆ ಒಂದು ಸಲ, ಮಳೆ ನಿಂತ ಮೇಲೆ ಖಂಡೆ ಪೂಜೆ ಮುಂದೆ ಇನ್ನೊಂದು ಸಲ ಅಂತ ಇಟ್ಟುಕೊಂಡರೆ ಮರೆಯುವುದಿಲ್ಲ. ನಡುವೆ ಬಿಸಿಲಿನ ದಿನ ಸಿಕ್ಕರೆ ಮತ್ತೊಂದು ಕೋಟ್.

ಪ್ರಶ್ನೆ: ಅಣ್ಣಾರ, ನಮ್ಮದು ಎರಿ ಹೊಲದ ದಾರಿ. ಮಳೆ ಬಂತಂದ್ರ ಗಾಲಿ ತುಂಬ ಮಣ್ಣು. ಮೇಲೆ ತೊಳೀತೀನಿ, ಫಳಫಳ ಅಂತದ. ಆದ್ರ ಹುಬ್ಬಳ್ಳಿ ರೋಡಿಗೆ ಹತ್ತಿ ಎಂಬತ್ತು ದಾಟಿದ್ರ ಸ್ಟೇರಿಂಗ್ ಗಡಗಡ ನಡಗತದ. ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದೆ, ಮತ್ತ ಅದ ಹಾಡು. ರಿಮ್ ಬೆಂಡ್ ಆಗೇದೇನ್ರಿ?
— ನವಲಗುಂದ ಹತ್ತಿರದ ರೈತರು

ಉತ್ತರ: ರಿಮ್ ಬದಲಿಸುವ ಮೊದಲು ಗಾಲಿಯ ಹಿಂಬದಿಗೆ ಟಾರ್ಚ್ ಹಾಕಿ ನೋಡಿ. ಮಣ್ಣು ಒಳಗಿದೆ ಅನ್ನುವುದು ನನ್ನ ಊಹೆ. ಎರೆ ಮಣ್ಣಿನ ಗುಣ ನಿಮಗೆ ನಾನು ಹೇಳಬೇಕಾ, ಹಸಿ ಇದ್ದಾಗ ಚಪ್ಪಲಿ ಕಿತ್ತುಕೊಳ್ಳುತ್ತದೆ, ಒಣಗಿದರೆ ಇಟ್ಟಿಗೆ. ಅದು ನೀರು ಕುಡಿದು ಉಬ್ಬುವ ಜೇಡಿ. ರಿಮ್ಮಿನ ಒಳ ಪಟ್ಟಿಯಲ್ಲಿ ಒಂದು ಕಡೆ ಅಂಟಿ ಒಣಗಿತು ಅಂದರೆ ಗಾಲಿಯ ಒಂದು ಮಗ್ಗುಲು ಭಾರ. ಬ್ಯಾಲೆನ್ಸಿಂಗ್ ಮಾಡುವವರು ಐದೈದು ಗ್ರಾಂ ಲೆಕ್ಕದಲ್ಲಿ ತೂಕದ ಬಿಲ್ಲೆ ಅಂಟಿಸುತ್ತಾರೆ. ನಿಮ್ಮ ಗಾಲಿಯಲ್ಲಿ ಮುಷ್ಟಿ ಗಾತ್ರದ ಹೆಂಟೆ ಕೂತಿದ್ದರೆ ಸ್ಟೇರಿಂಗ್ ನಡುಗದೆ ಏನು ಮಾಡೀತು? ಮಣ್ಣು ಇರುವಾಗಲೇ ಬ್ಯಾಲೆನ್ಸ್ ಮಾಡಿದ್ದರಂತೂ ಇನ್ನೂ ಪಜೀತಿ. ಮುಂದೆ ಎಲ್ಲೋ ಆ ಹೆಂಟೆ ಉದುರುತ್ತದೆ, ಅಂಟಿಸಿದ ಬಿಲ್ಲೆ ಉಳಿಯುತ್ತದೆ, ಈಗ ನಡುಕ ಬಿಲ್ಲೆಯಿಂದ.

ಒಣ ಮಣ್ಣನ್ನು ಸಲಾಕೆಯಿಂದ ಕೆರೆಯಬೇಡಿ. ನೀರು ಹಾಕಿ ಅರ್ಧ ಗಂಟೆ ನೆನೆಯಲು ಬಿಡಿ, ಮತ್ತೆ ನೀರು ಹಾಕಿ, ಆಮೇಲೆ ಉದ್ದ ಹಿಡಿಕೆಯ ಬ್ರಷ್. ಅಂಟಿಸಿದ ಬಿಲ್ಲೆ ಇರುವ ಜಾಗದಲ್ಲಿ ಕೈ ಹಗುರ ಇರಲಿ, ಪ್ರೆಷರ್ ಗನ್ನನ್ನು ಅದರ ಅಂಚಿಗೇ ಹಿಡಿಯಬೇಡಿ, ಕಿತ್ತು ಬರುತ್ತದೆ. ಇಷ್ಟಾದ ಮೇಲೂ ನಡುಗಿದರೆ ಸ್ವಚ್ಛ ಗಾಲಿಯನ್ನು ಮತ್ತೊಮ್ಮೆ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕಿಸಿ. ಬೆಂಡ್ ಇದ್ದರೆ ತಿರುಗುವಾಗ ಅಲ್ಲೇ ಕಣ್ಣಿಗೆ ಕಾಣುತ್ತದೆ.

ಸೀಲಂಟ್ ನಿಜವಾಗಿ ದುಡಿಯುವುದು ನಿಮ್ಮಂಥವರ ಗಾಲಿಯಲ್ಲಿ, ಅದೂ ಒಳಬದಿಯಲ್ಲಿ. ಯಾರೂ ನೋಡದ ಜಾಗ ಅಂತ ಎಲ್ಲರೂ ಬಿಡುತ್ತಾರೆ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಟೈರ್ ಅದಲು ಬದಲು ಮಾಡಿಸುತ್ತೀರಲ್ಲ, ಆಗ ನಾಲ್ಕೂ ಗಾಲಿ ಕೆಳಗಿಳಿದಿರುತ್ತವೆ. ಮೊದಲೇ ಹೇಳಿ ಒಂದು ಗಂಟೆ ಜಾಸ್ತಿ ತಗೊಂಡು ಒಳಬದಿಗೆ ಎರಡು ಕೋಟ್ ಹಚ್ಚಿಬಿಡಿ. ಮಣ್ಣು ಅಂಟುವುದು ಅಂಟುತ್ತದೆ. ಆದರೆ ನೆನೆಸಿದರೆ ಚಕ್ಕೆ ಚಕ್ಕೆಯಾಗಿ ಬಿಟ್ಟು ಬರುತ್ತದೆ. ವ್ಯತ್ಯಾಸ ಮೊದಲ ಮಳೆಯಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಬೋರ್ ನೀರು. ಗಾಲಿ ತೊಳೆದು ಒಣಗಿದರೆ ಸುಣ್ಣ ಚಿಮುಕಿಸಿದ ಹಾಗೆ ಬಿಳಿ ಕಲೆ. ಟಾಯ್ಲೆಟ್ ತೊಳೆಯುವ ಲಿಕ್ವಿಡ್ ಹಾಕಿದರೆ ಹೋಗುತ್ತೆ ಅಂತ ಗೆಳೆಯ ಹೇಳಿದ. ಹಾಕಲಾ?
— ಹೆಸರು ಬೇಡ ಅಂದವರು, ಬೆಟಗೇರಿ

ಉತ್ತರ: ಬೇಡ. ಬೇಡವೇ ಬೇಡ. ಕಲೆ ಹೋಗುತ್ತದೆ, ಜೊತೆಗೆ ರಿಮ್ಮಿನ ಮುಖವೂ ಹೋಗುತ್ತದೆ. ಅಂಥ ಲಿಕ್ವಿಡ್‌ನಲ್ಲಿ ಹೆಚ್ಚಾಗಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್, ಅಲಾಯ್ ಅಂದರೆ ಅಲ್ಯೂಮಿನಿಯಂ, ಎರಡಕ್ಕೂ ಹುಟ್ಟಾ ದ್ವೇಷ. ಲ್ಯಾಕರ್‌ನಲ್ಲಿ ಒಂದು ಗೀರು ಇದ್ದರೆ ಸಾಕು, ಒಳಗೆ ನುಗ್ಗುತ್ತದೆ.

ನನಗೆ ಇದು ದುಡ್ಡು ಕೊಟ್ಟು ಕಲಿತ ಪಾಠ. ನಾಲ್ಕೈದು ವರ್ಷದ ಹಿಂದೆ ಒಂದು ವಾಟರ್ ಸರ್ವಿಸಿಂಗ್‌ಗೆ ಕಾರು ಬಿಟ್ಟು ಚಹಾ ಕುಡಿಯಲು ಹೋಗಿದ್ದೆ. ಬಂದು ನೋಡಿದರೆ ಹುಡುಗ ಲೇಬಲ್ ಇಲ್ಲದ ಬಾಟಲಿಯಿಂದ ಗಾಲಿಗಳಿಗೆ ಏನೋ ಸಿಂಪಡಿಸುತ್ತಿದ್ದ, ಗಾಟು ಹೊಡೆಯುತ್ತಿತ್ತು, ಗಾಲಿ ಮಾತ್ರ ಕನ್ನಡಿ. ನಾನೇ ಖುಷಿಯಾಗಿ ಅವನಿಗೆ ಐವತ್ತು ರೂಪಾಯಿ ಭಕ್ಷೀಸು ಕೊಟ್ಟೆ ಅಂದರೆ ನನ್ನ ಬುದ್ಧಿ ಎಷ್ಟಿರಬೇಕು. ಮೂರನೇ ದಿನ ರಿಮ್ ಮೇಲೆ ಹಾಲು ಹರಿದ ಹಾಗೆ ಗೆರೆಗಳು ಮೂಡಿದವು. ತಿಕ್ಕಿದರೂ ಹೋಗಲಿಲ್ಲ. ಎರಡು ರಿಮ್ಮಿಗೆ ಹೊಸದಾಗಿ ಬಣ್ಣ ಹೊಡೆಸಬೇಕಾಯಿತು. ಈಗ ಎಲ್ಲೇ ಕಾರು ಬಿಟ್ಟರೂ ಮೊದಲ ಮಾತು ಒಂದೇ: ಗಾಲಿಗೆ ಬರೀ ಶಾಂಪೂ ಸಾಕು ತಮ್ಮಾ.

ನಿಮ್ಮ ಕಲೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಪ್ಪಿನದು. ನೀರು ಆರುತ್ತದೆ, ಉಪ್ಪು ಕೂರುತ್ತದೆ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಕಲೆ ಮೇಲೆ ಅರ್ಧ ನಿಮಿಷ ಇಟ್ಟು ಒರೆಸಿ ತಕ್ಷಣ ತೊಳೆಯಿರಿ. ಲ್ಯಾಕರ್ ಇರುವ ರಿಮ್ಮಿಗೆ ಮಾತ್ರ ಇದು, ಬರೀ ಪಾಲಿಶ್ ಮಾಡಿದ ಅಲ್ಯೂಮಿನಿಯಂಗೆ ಬೇಡ. ಹುಣಸೆಹಣ್ಣು ತಿಕ್ಕುವವರೂ ಇದ್ದಾರೆ, ಅದು ದೇವರ ಮನೆಯ ಹಿತ್ತಾಳೆಗೆ ಇರಲಿ ಬಿಡಿ.

ಕಲೆ ಬರದ ಹಾಗೆ ಮಾಡುವುದು ಇನ್ನೂ ಸುಲಭ: ನೀರು ತಾನಾಗಿ ಒಣಗಲು ಬಿಡಬೇಡಿ, ತೊಳೆದ ಕೂಡಲೇ ಒರೆಸಿ. ನಳದ ನೀರು ಬರುವ ದಿನ ಎಣಿಸುವ ಊರಲ್ಲಿ ಅದನ್ನು ಕಾರಿಗೆ ಸುರಿಯಿರಿ ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ಎಸಿ ಇದ್ದರೆ ಹೊರಗೆ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿಯಿರಿ. ಅದು ಗಾಳಿಯ ತೇವ ತಣ್ಣಗಾಗಿ ಇಳಿದದ್ದು, ಅದರಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಕೊನೆಯ ಒಂದು ಚೊಂಬು ಅದನ್ನೇ ಹಾಕಿ. ಮಳೆ ನೀರೂ ಹಾಗೆಯೇ. ಆದರೆ ಆರ್‌ಒ ಫಿಲ್ಟರಿನಿಂದ ಹೊರ ಬೀಳುವ ನೀರು ಬೇಡ, ಅದರಲ್ಲಿ ಬೋರ್ ನೀರಿಗಿಂತ ಉಪ್ಪು ಜಾಸ್ತಿ.

ಪ್ರಶ್ನೆ: ಕೊಬ್ಬರಿ ಎಣ್ಣೆ ಇಲ್ಲವೇ ಬೂಟ್ ಪಾಲಿಶ್ ಹಚ್ಚಿದರೆ ಆಗಲ್ವಾ? ಸುಮ್ನೆ ಯಾಕೆ ಖರ್ಚು?
— ಶಿಗ್ಗಾಂವ

ಉತ್ತರ: ಎಣ್ಣೆ ಹಚ್ಚಿದರೆ ಸಂಜೆಯೊಳಗೆ ಊರ ಧೂಳೆಲ್ಲ ನಿಮ್ಮ ಗಾಲಿಯಲ್ಲಿ. ಬೂಟ್ ಪಾಲಿಶ್‌ನಲ್ಲಿ ಮೇಣ ಇದೆ ನಿಜ, ಜೊತೆಗೆ ಬಣ್ಣವೂ ಇದೆ. ಬೂಟಿಗೇ ಇರಲಿ.

ಪ್ರಶ್ನೆ: ನಾನು ಬಾಡಿಗೆ ಗಾಡಿ ಓಡಿಸುತ್ತೇನೆ. ಗೋವಾ, ಗೋಕರ್ಣ ಟ್ರಿಪ್ ಜಾಸ್ತಿ. ನನ್ನದು ಸಾದಾ ಕಬ್ಬಿಣದ ರಿಮ್, ಮೇಲೆ ಪ್ಲಾಸ್ಟಿಕ್ ಕ್ಯಾಪು. ಈ ವ್ಯಾಕ್ಸು ಸೀಲಂಟು ಎಲ್ಲ ಅಲಾಯ್ ಇರೋ ಸಾಹುಕಾರರಿಗೆ ಅಲ್ವಾ ಸರ್?
— ರಾಣೆಬೆನ್ನೂರು

ಉತ್ತರ: ಉಲ್ಟಾ. ನಿಮಗೇ ಜಾಸ್ತಿ ಬೇಕು. ಅಲ್ಯೂಮಿನಿಯಂ ನಿಮ್ಮ ಕಬ್ಬಿಣದ ಹಾಗೆ ತುಕ್ಕು ಹಿಡಿದು ಉದುರುವುದಿಲ್ಲ. ನಿಮ್ಮ ರಿಮ್ಮಿನಲ್ಲಿ ಬಣ್ಣ ಎದ್ದ ಕಡೆಯಿಂದ ತುಕ್ಕು ಶುರುವಾಗಿ ಟೈರ್ ಕೂರುವ ಅಂಚಿನ ತನಕ ಹೋದರೆ ಗಾಳಿ ನಿಧಾನಕ್ಕೆ ಇಳಿಯುತ್ತದೆ. ಪಂಕ್ಚರ್ ಅಂಗಡಿಯವರು ನೀರಲ್ಲಿ ಮುಳುಗಿಸಿ ಹುಡುಕಿದರೆ ಟೈರಿನಲ್ಲಿ ತೂತೇ ಇರುವುದಿಲ್ಲ, ಗುಳ್ಳೆ ಬರುವುದು ಅಂಚಿನಿಂದ. ಕ್ಯಾಪ್ ಹಾಕಿದ್ದೇವಲ್ಲ ಅನ್ನಬೇಡಿ, ಕ್ಯಾಪಿನ ಹಿಂದೆ ಕೆಸರು ನಿಂತು ತೇವ ಹಾಗೇ ಇರುತ್ತದೆ. ಅದರ ಮೇಲೆ ನಿಮ್ಮದು ಸಮುದ್ರದ ದಾರಿ. ಪ್ರವಾಸಿಗರು ಹೇಳಿದರು ಅಂತ ದಂಡೆಯ ಮರಳಿಗೆ ಗಾಡಿ ಇಳಿಸಿದರೆ ಊರಿಗೆ ಬಂದ ದಿನವೇ ಸಿಹಿ ನೀರಿನಲ್ಲಿ ಗಾಲಿ, ಗಾಲಿಯ ಹಿಂಬದಿ ತೊಳೆಯಬೇಕು.

ಕ್ಯಾಪ್ ತೆಗೆದು ನೋಡಿ. ತುಕ್ಕು ಇದ್ದಲ್ಲಿ ಉಪ್ಪುಕಾಗದದಿಂದ ತಿಕ್ಕಿ, ಪ್ರೈಮರ್ ಹೊಡೆದು, ಸ್ಪ್ರೇ ಬಣ್ಣ ಹೊಡೆಯಿರಿ. ಬಣ್ಣ ಎರಡು-ಮೂರು ವಾರ ಚೆನ್ನಾಗಿ ಗಟ್ಟಿಯಾದ ಮೇಲೆ ಸೀಲಂಟ್. ಎರಡು ಜಾಗಕ್ಕೆ ಮಾತ್ರ ಏನೂ ಹಚ್ಚಬೇಡಿ, ಬಣ್ಣವನ್ನೂ ಹೊಡೆಯಬೇಡಿ: ನಟ್ ಕೂರುವ ಗುಳಿ, ರಿಮ್ ಹಬ್‌ಗೆ (ಗಾಲಿಯನ್ನು ನಟ್ ಹಾಕಿ ಕೂರಿಸುವ ನಡುಭಾಗಕ್ಕೆ) ಒತ್ತಿ ಕೂರುವ ಮುಖ. ಅಲ್ಲಿ ಪದರ ಇದ್ದರೆ ಓಡಾಟದಲ್ಲಿ ಅದು ಸವೆದು ನಟ್ ಸಡಿಲಾಗುತ್ತದೆ. ಗಾಲಿ ವಾಪಸ್ ಹಾಕುವಾಗ ನಟ್ಟುಗಳನ್ನು ಸಾಲಾಗಿ ಅಲ್ಲ, ಎದುರುಬದುರಾಗಿ ಬಿಗಿಯಿರಿ. ಕೊನೆಯ ಬಿಗಿ ಗಾಡಿ ಜಾಕಿನಿಂದ ನೆಲಕ್ಕೆ ಇಳಿದ ಮೇಲೆ. ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪಾನಾ ಹಾಕಿ ನೋಡಿ. ಜನರನ್ನು ಕೂರಿಸಿಕೊಂಡು ಘಟ್ಟ ಇಳಿಯುವವರು ನೀವು, ಇದನ್ನು ಬಿಡಲೇಬಾರದು. ಸ್ಟೆಪ್ನಿಯನ್ನೂ ಮರೆಯಬೇಡಿ.

ಪ್ರಶ್ನೆ: ಖಂಡೆ ಪೂಜೆ ದಿನ ನಮ್ಮ ಅತ್ತೆಯವರು ನಾಲ್ಕೂ ಗಾಲಿಗೆ ಅರಿಷಿಣ ಕುಂಕುಮ ಹಚ್ಚುತ್ತಾರೆ. ಬೇಡ ಅನ್ನೋಕಾಗಲ್ಲ. ಹೋದ ವರ್ಷ ಸೋಪು ಹಾಕಿ ತೊಳೆದರೆ ಹಳದಿ ಇದ್ದದ್ದು ಇನ್ನೂ ಕೆಂಪಾಯ್ತು!
— ಹಾನಗಲ್

ಉತ್ತರ: ಬೇಡ ಅನ್ನಲೇಬೇಡಿ, ಮನೆಯ ಶಾಂತಿ ರಿಮ್ಮಿಗಿಂತ ದೊಡ್ಡದು. ಅರಿಷಿಣಕ್ಕೆ ಕ್ಷಾರ ತಾಗಿದರೆ ಕೆಂಪಾಗುತ್ತದೆ, ಹಳೇ ಕಾಲದಲ್ಲಿ ಅರಿಷಿಣಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಬಟ್ಟೆ ಸೋಪಿನಲ್ಲಿ ಕ್ಷಾರ ಇರುತ್ತದೆ. ಹಾಗಾಗಿ ಮೊದಲು ಬರೀ ನೀರು ಧಾರಾಳ ಹಾಕಿ, ಆಮೇಲೆ ಕಾರ್ ಶಾಂಪೂ. ಉಳಿದ ಅರಿಷಿಣದ ಬಣ್ಣ ನಾಲ್ಕು ದಿನ ಬಿಸಿಲಿಗೆ ನಿಂತರೆ ತಾನೇ ತಿಳಿಯಾಗುತ್ತದೆ. ಕುಂಕುಮದ ಬಣ್ಣ ಹಾಗಲ್ಲ, ವಾರಗಟ್ಟಲೆ ಬಿಡದೆ ಮರುದಿನವೇ ತೊಳೆಯಿರಿ. ಪೂಜೆಗೆ ಎರಡು ದಿನ ಮೊದಲು ಸೀಲಂಟ್ ಹಚ್ಚಿದ್ದರೆ ಅರ್ಧ ಕೆಲಸ ಆದ ಹಾಗೆ. ಅತ್ತೆಯವರು ಒಪ್ಪಿದರೆ ರಿಮ್ಮಿಗೆ ಬದಲು ಟೈರಿನ ರಬ್ಬರಿಗೆ ಹಚ್ಚಲಿ. ನಿಂಬೆಹಣ್ಣನ್ನು ಟೈರಿನ ಕೆಳಗೇ ಇಡಿ, ಮಕ್ಕಳು ಹೋಳು ತಗೊಂಡು ರಿಮ್ ತಿಕ್ಕಲು ಬಿಡಬೇಡಿ.

ಪ್ರಶ್ನೆ: ನನ್ನದು ಡೈಮಂಡ್ ಕಟ್ ಅಲಾಯ್. ಅಂಚಿನಲ್ಲಿ ಬಿಳಿ ಹುಳು ಹರಿದಂತೆ ಗೆರೆ ಬಂದಿದೆ. ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಮುಚ್ಚಿಹೋಗುತ್ತೆ ಅಂತಾರೆ. ಮಾಡಿಸಲಾ?
— ಸಪ್ತಾಪುರ, ಧಾರವಾಡ

ಉತ್ತರ: ಈಗಿರುವ ಸ್ಥಿತಿಯಲ್ಲಿ ಬೇಡ. ಆ ಗೆರೆ ಲ್ಯಾಕರ್‌ನ ಕೆಳಗಿದೆ. ಕಲ್ಲು ಬಡಿದೋ ಫುಟ್‌ಪಾತ್ ಅಂಚಿಗೆ ಉಜ್ಜಿಯೋ ಲ್ಯಾಕರ್ ಒಡೆದಿದೆ, ಅಲ್ಲಿಂದ ನೀರು ಒಳಗೆ ಹೊಕ್ಕು ಅಲ್ಯೂಮಿನಿಯಂ ತಿನ್ನುತ್ತಾ ಮುಂದಕ್ಕೆ ಹೋಗುತ್ತಿದೆ. ಡೈಮಂಡ್ ಕಟ್ ಅಂದರೆ ಲೇತ್‌ನಲ್ಲಿ ಮುಖ ಕೆತ್ತಿ ಮೇಲೆ ಬರೀ ಲ್ಯಾಕರ್ ಹೊಡೆದದ್ದು, ಒಳಗೆ ಬಣ್ಣದ ರಕ್ಷಣೆಯೂ ಇಲ್ಲ. ಮೇಲೆ ಮೇಣ, ಸೀಲಂಟ್, ಸೆರಾಮಿಕ್ ಏನೇ ಹಚ್ಚಿದರೂ ಕೆಳಗಿನ ಹುಳು ನಿಲ್ಲುವುದಿಲ್ಲ. ಲ್ಯಾಕರ್ ತೆಗೆದು ಮತ್ತೆ ಕೆತ್ತಿಸಬೇಕು, ಅದನ್ನೂ ಮೇಲಿಂದ ಮೇಲೆ ಮಾಡಿಸಲಾಗದು, ಪ್ರತಿ ಸಲ ಲೋಹ ತೆಳ್ಳಗಾಗುತ್ತದೆ. ಬೇಸತ್ತವರು ಪೌಡರ್ ಕೋಟಿಂಗ್ ಮಾಡಿಸಿ ಒಂದೇ ಬಣ್ಣದ ರಿಮ್ ಮಾಡಿಕೊಳ್ಳುತ್ತಾರೆ. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ, ಹೆಂಡತಿ ಒಪ್ಪಿದ್ದರೆ.

ಸೆರಾಮಿಕ್ ಕೆಟ್ಟದ್ದಲ್ಲ. ಸರಿಯಾಗಿ ಹಚ್ಚಿದರೆ ಗಾಲಿ ಮೇಲೂ ಒಂದು ವರ್ಷ ನಿಲ್ಲುತ್ತದೆ. ಆದರೆ ಹೊಸ ರಿಮ್ಮಿಗೆ ಇಲ್ಲವೇ ಹೊಸದಾಗಿ ಬಣ್ಣ ಮಾಡಿಸಿ ಗಟ್ಟಿಯಾದ ರಿಮ್ಮಿಗೆ ಹಚ್ಚಿಸಿ. ಕೋಟಿಂಗ್ ಆಗಿದೆ, ಇನ್ನು ತೊಳೆಯುವುದೇ ಬೇಡ ಅಂತ ಯಾರಾದರೂ ಹೇಳಿದರೆ ಚಹಾ ಕುಡಿದು ಎದ್ದು ಬನ್ನಿ.

ಪ್ರಶ್ನೆ: ಸರ್ ಅರ್ಜೆಂಟ್. ಭಾನುವಾರ ಸ್ಪ್ರೇ ಸೀಲಂಟ್ ತಂದು ಗಾಲಿಗೆ ಚೆನ್ನಾಗಿ ಹೊಡೆದೆ. ಸೋಮವಾರ ಧಾರವಾಡದಿಂದ ಹುಬ್ಬಳ್ಳಿಗೆ ಆಫೀಸಿಗೆ ಹೊರಟೆ, ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ, ಕಿರ್ ಅನ್ನುತ್ತದೆ. ಓಡಿಸುತ್ತಾ ಓಡಿಸುತ್ತಾ ಸರಿಹೋಗುತ್ತಾ?
— ಟೋಲ್ ನಾಕಾ, ಧಾರವಾಡ

ಉತ್ತರ: ನಿಮಗೆ ಫೋನ್ ಮಾಡಿ ಆಗಲೇ ಹೇಳಿದ್ದೇನೆ, ಬೇರೆಯವರಿಗೂ ಗೊತ್ತಾಗಲಿ ಅಂತ ಇಲ್ಲಿ ಹಾಕಿದ್ದೇನೆ. ಸ್ಪ್ರೇ ರಿಮ್ಮಿನ ಕಡ್ಡಿಗಳ ಸಂದಿಯಿಂದ ಹೋಗಿ ಡಿಸ್ಕ್ ಮೇಲೆ ಕೂತಿದೆ. ಜಾರಲಿ ಅಂತಲೇ ಮಾಡಿದ ವಸ್ತುವನ್ನು ಹಿಡಿಯಬೇಕಾದ ಜಾಗಕ್ಕೆ ಹೊಡೆದಿದ್ದೀರಿ. ಸ್ಪ್ರೇ ಯಾವಾಗಲೂ ಬಟ್ಟೆಗೆ, ಬಟ್ಟೆಯಿಂದ ರಿಮ್ಮಿಗೆ. ಟೈರಿಗೆ ಹೊಡೆಯುವ ಪಾಲಿಶ್ ಕೂಡ ಪಕ್ಕಕ್ಕೆ ಮಾತ್ರ, ರಸ್ತೆಗೆ ತಾಗುವ ಭಾಗಕ್ಕೆ ಅಲ್ಲ. ಈಗ ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ, ಡಿಸ್ಕನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿಸಿ. ಪ್ಯಾಡ್ ಅದನ್ನು ಹೀರಿಕೊಂಡಿದ್ದರೆ ತೊಳೆದು ಪ್ರಯೋಜನವಿಲ್ಲ, ಹೊಸದು ಹಾಕಿಸಿ. ಅಲ್ಲಿಯ ತನಕ ಕಾರು ಅಲ್ಲೇ ಇರಲಿ, ಆಫೀಸಿಗೆ ಚಿಗರಿ ಬಸ್ ಹತ್ತಿ ಹೋಗಿ.